ಸಭಾಶಿಸ್ತು: ಕರ್ನಾಟಕದ ಕ್ರೈಸ್ತ ಸಭೆಗಳಲ್ಲಿ

ಸಭಾಶಿಸ್ತು ಎಂಬುದು ಕ್ರೈಸ್ತ ಸಭೆಯ ಸದಸ್ಯರು ತಾವು ಒಪ್ಪಿಕೊಂಡ ನಂಬಿಕೆಗೆ ತಕ್ಕಂತೆ ಬಾಳುತ್ತಿದ್ದಾರೆಯೇ ಎಂದು ಸಭೆಯೇ ವಿಚಾರಿಸುವ, ತಪ್ಪಿದವರನ್ನು ತಿದ್ದುವ, ತಿದ್ದಿಕೊಳ್ಳದವರನ್ನು ಸಂಸ್ಕಾರಗಳಿಂದ ದೂರವಿಡುವ ಮತ್ತು ಪಶ್ಚಾತ್ತಾಪಪಟ್ಟವರನ್ನು ಮರಳಿ ಸೇರಿಸಿಕೊಳ್ಳುವ ವ್ಯವಸ್ಥೆ. ಕನ್ನಡ ನಾಡಿನಲ್ಲಿ ಇದಕ್ಕೆ ಲಿಖಿತ ನಿಯಮಗಳ ರೂಪ ಬಂದದ್ದು 19ನೆಯ ಶತಮಾನದ ಪ್ರಾಟೆಸ್ಟಂಟ್ ಮಿಷನ್‌ಗಳಿಂದ, ಅದರಲ್ಲಿಯೂ ಮುಖ್ಯವಾಗಿ ಮಂಗಳೂರು ಮತ್ತು ಧಾರವಾಡದ ಕಡೆ ಬಾಸೆಲ್ ಮಿಷನ್ನಿನಿಂದ, ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ನಿನಿಂದ. ಕ್ಯಾಥೊಲಿಕರಲ್ಲಿ ಇದೇ ಕೆಲಸ ಪಾಪನಿವೇದನೆಯ ಸಂಸ್ಕಾರದ ಮೂಲಕ, ಹೆಚ್ಚು ಖಾಸಗಿಯಾಗಿ ನಡೆದಿದೆ.

ಪದಬಳಕೆ

ಈ ಲೇಖನದಲ್ಲಿ ಸಭೆ ಎಂದರೆ ಒಂದು ಊರಿನಲ್ಲಿ ಕೂಡಿ ಆರಾಧಿಸುವ ಕ್ರೈಸ್ತರ ಸಮುದಾಯ, ಕಟ್ಟಡವಲ್ಲ. ಪ್ರಾಟೆಸ್ಟಂಟರು ದೀಕ್ಷಾಸ್ನಾನ, ಸ್ಥಿರೀಕರಣ, ಕರ್ತನ ಭೋಜನ ಎನ್ನುವ ವಿಧಿಗಳನ್ನು ಕ್ಯಾಥೊಲಿಕರು ಕ್ರಮವಾಗಿ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಎನ್ನುತ್ತಾರೆ. ನಂಬಿಕೆಯನ್ನು ನಡತೆಯಲ್ಲಿ ತೋರುವುದಕ್ಕೆ ಸಭೆಗಳಲ್ಲಿ ರೂಢಿಯಲ್ಲಿರುವ ಮಾತು ‘ಸಾಕ್ಷಿಯ ಜೀವನ’. ಹೆಸರಿಗಷ್ಟೇ ಕ್ರೈಸ್ತರಾದವರನ್ನು ‘ನಾಮಮಾತ್ರ ಕ್ರೈಸ್ತರು’ ಎಂದೂ ಒಮ್ಮೆ ಹುರುಪಿನಿಂದಿದ್ದು ದೂರವಾದವರನ್ನು ‘ಹಿಂಜಾರಿದವರು’ ಎಂದೂ ಕರೆಯುವುದುಂಟು.

ಮೂಲ

ಸಭಾಶಿಸ್ತಿನ ಕ್ರಮಕ್ಕೆ ಆಧಾರವಾಗಿ ತೋರಿಸುವ ಮುಖ್ಯ ವಾಕ್ಯಭಾಗ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ್ದು. ತಪ್ಪು ಮಾಡಿದವನೊಡನೆ ಮೊದಲು ಒಬ್ಬರೇ ಹೋಗಿ ಮಾತಾಡಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು ಎಂಬ ಮೂರು ಮೆಟ್ಟಿಲುಗಳು ಅಲ್ಲಿವೆ. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರಿಕೆಯ 5ನೆಯ ಅಧ್ಯಾಯ ಬಹಿಷ್ಕಾರಕ್ಕೆ, ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬ ವಾದಕ್ಕೆ ಆಧಾರ. ಭಾರತದ ಸಭೆಗಳಲ್ಲಿ ಹೆಚ್ಚು ಚರ್ಚೆಗೆ ಬಂದಿರುವುದು ಮಾತ್ರ ಅದೇ ಕೊರಿಂಥ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳು. ವಿಗ್ರಹಕ್ಕೆ ನೈವೇದ್ಯ ಮಾಡಿದ ಆಹಾರವನ್ನು ಕ್ರೈಸ್ತನು ತಿನ್ನಬಹುದೇ ಎಂಬ ಪ್ರಶ್ನೆ ಯುರೋಪಿನ ಓದುಗನಿಗೆ ಎಂದೋ ಮುಗಿದ ಕಥೆಯಾಗಿದ್ದರೆ, ಕನ್ನಡದ ಹಳ್ಳಿಯಲ್ಲಿ ಅದು ಪ್ರತಿ ಹಬ್ಬದಂದು ಎದುರಾಗುವ ಪ್ರಶ್ನೆ.

ಬಾಸೆಲ್ ಮಿಷನ್ನಿನ ಶಿಸ್ತು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಭಕ್ತಿಪಂಥದಿಂದ ಬಂದದ್ದು. ಬೈಬಲ್ ಓದು, ಆತ್ಮಪರೀಕ್ಷೆ, ಮಿತವ್ಯಯ, ಬಿಗಿಯಾದ ನಡತೆ ಈ ಪಂಥದ ಲಕ್ಷಣಗಳು. ವೆಸ್ಲಿಯನ್ ಮಿಷನ್ನಿನ ಶಿಸ್ತು ಜಾನ್ ವೆಸ್ಲಿ 1743ರಲ್ಲಿ ಹೊರಡಿಸಿದ ಸಾಮಾನ್ಯ ನಿಯಮಗಳಿಂದ ಹುಟ್ಟಿತು. ಕೆಡುಕು ಮಾಡದಿರುವುದು, ಕೈಲಾದಷ್ಟು ಒಳಿತು ಮಾಡುವುದು, ಆರಾಧನೆ ಪ್ರಾರ್ಥನೆಗಳನ್ನು ಬಿಡದಿರುವುದು ಈ ನಿಯಮಗಳ ಮೂರು ಭಾಗಗಳು.

ಕನ್ನಡ ನಾಡಿಗೆ ಬಂದ ಬಗೆ

ಮೈಸೂರು ಸೀಮೆಗೆ ಕ್ರೈಸ್ತಧರ್ಮವನ್ನು ವ್ಯವಸ್ಥಿತವಾಗಿ ತಂದವರು ಜೆಸುಯಿಟರು. 1640ರ ದಶಕದ ಕೊನೆಯಲ್ಲಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಕೆಲಸ ಆರಂಭಿಸಿದ. ಈ ಪರಂಪರೆಯ ಗುರುಗಳು ಸಂನ್ಯಾಸಿಗಳ ಉಡುಗೆ ಮತ್ತು ಆಹಾರಕ್ರಮವನ್ನು ಅನುಸರಿಸಿದರು. ಜಾತಿಯ ಆಚಾರಗಳನ್ನು ಲೌಕಿಕ ರೂಢಿಯೆಂದು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ಇಂಥ ಆಚಾರಗಳಲ್ಲಿ ಹಲವನ್ನು ಪೋಪ್ 14ನೆಯ ಬೆನೆಡಿಕ್ಟ್ 1744ರಲ್ಲಿ ನಿಷೇಧಿಸಿದರು.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ, ಚೆದುರಿಹೋಗಿದ್ದ ಮೈಸೂರಿನ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟುವ ಕೆಲಸ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್‌ನ ಪಾಲಿಗೆ ಬಂತು. ಬಲವಂತದಿಂದ ಮತ ಬಿಟ್ಟಿದ್ದವರನ್ನು ಮರಳಿ ಸೇರಿಸಿಕೊಳ್ಳುವುದೇ ಅದರ ಮೊದಲ ಹೆಜ್ಜೆ. ವರ್ಷಗಟ್ಟಲೆ ಈ ಕೆಲಸ ಮಾಡಿದ ಇದೇ ದುಬೊಯಿಸ್ 1823ರಲ್ಲಿ ಯುರೋಪಿಗೆ ಮರಳಿ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳನ್ನು ಪ್ರಕಟಿಸಿ, ಇಲ್ಲಿನ ಮತಾಂತರಿತರಲ್ಲಿ ಹೆಚ್ಚಿನವರು ಹೆಸರಿಗಷ್ಟೇ ಕ್ರೈಸ್ತರೆಂದು ವಾದಿಸಿದ. ಪ್ರಾಟೆಸ್ಟಂಟ್ ಮಿಷನರಿಗಳು ಈ ಮಾತನ್ನು ಕಟುವಾಗಿ ವಿರೋಧಿಸಿದರು. ಮುಂದೆ ದೀಕ್ಷಾಸ್ನಾನಕ್ಕೆ ಮುಂಚೆಯೇ ಅಭ್ಯರ್ಥಿಯನ್ನು ತಿಂಗಳುಗಟ್ಟಲೆ ಪರೀಕ್ಷಿಸುವ ಪದ್ಧತಿಯನ್ನು ಅವರು ಬಿಗಿಗೊಳಿಸಿದ್ದನ್ನು ನೋಡಿದರೆ, ಆ ಆಕ್ಷೇಪಣೆ ಅವರನ್ನೂ ಕಾಡದೆ ಬಿಡಲಿಲ್ಲವೆನ್ನಬೇಕು.

ಬಾಸೆಲ್ ಮಿಷನ್ನಿನ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದರು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ಮಿಷನ್ ನೆಲೆಗಳಾದವು. ಗದಗದ ಬಳಿಯ ಬೆಟಗೇರಿ ಮತ್ತು ಬೇಸಾಯದ ನೆಲೆಯಾದ ಮಲಸಮುದ್ರ ಅನಂತರದವು. ಹೆಬಿಕ್‌ನ ಶಿಸ್ತು ಹೊಸ ಕ್ರೈಸ್ತರಿಗೆ ಮಾತ್ರ ಮೀಸಲಾಗಿರಲಿಲ್ಲ. ಕುಡಿತ, ಜೂಜುಗಳಲ್ಲಿ ಮುಳುಗಿದ್ದ ಇಂಗ್ಲಿಷ್ ಸೇನಾಧಿಕಾರಿಗಳನ್ನು ಅವನು ಅವರ ಬಂಗಲೆಗಳಿಗೇ ಹೋಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದ.

ರಚನೆ

1850ರಿಂದ 1879ರವರೆಗೆ ಬಾಸೆಲ್ ಮಿಷನ್ನಿನ ಇನ್‌ಸ್ಪೆಕ್ಟರ್ (ಮುಖ್ಯಸ್ಥ) ಆಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತಕ್ಕೆ ಬಂದು ನೆಲೆಗಳನ್ನು ಪರಿಶೀಲಿಸಿದ. ಸಭೆಗಳಿಗೆ ಒಂದೇ ತೆರನ ನಿಯಮಾವಳಿ ರೂಪುಗೊಂಡದ್ದು ಅವನ ಅಧಿಕಾರಾವಧಿಯಲ್ಲಿ. ಸದಸ್ಯತ್ವ, ಶಾಲೆ, ಮದುವೆ, ಭಾನುವಾರದ ಆಚರಣೆ, ಕುಡಿತ, ಮೂಢಾಚಾರ, ಸಂಸ್ಕಾರಗಳಿಗೆ ಅರ್ಹತೆ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ಸಭೆಯ ಆಡಳಿತ ಸಭಾಪಾಲಕ ಮತ್ತು ಸಭಾಹಿರಿಯರ ಸಮಿತಿಯದು. ಆದರೆ ಕೊನೆಯ ಮಾತು ದೀರ್ಘಕಾಲ ಮಿಷನರಿಯದೇ ಆಗಿತ್ತು.

ಶಿಸ್ತಿನ ಕೀಲು ಕರ್ತನ ಭೋಜನದಲ್ಲಿತ್ತು. ಭೋಜನಕ್ಕೆ ಬರುವವರು ಮುಂಚಿತವಾಗಿ ಸಭಾಪಾಲಕರ ಬಳಿ ಹೋಗಿ ಹೆಸರು ಕೊಡಬೇಕೆಂಬುದು ವ್ಯೂರ್ಟೆಂಬರ್ಗ್ ಪರಂಪರೆಯ ಪದ್ಧತಿ. ಆ ಭೇಟಿಯೇ ವಿಚಾರಣೆಯ ಸಂದರ್ಭ. ಮನೆಯಲ್ಲಿ ಜಗಳವಿದೆಯೇ, ನೆರೆಯವರೊಡನೆ ಮಾತು ಬಿಟ್ಟಿದೆಯೇ, ಕುಡಿತ ಮರುಕಳಿಸಿದೆಯೇ ಎಂಬುದೆಲ್ಲ ಅಲ್ಲಿ ಬಯಲಾಗುತ್ತಿತ್ತು. ಹೆಸರು ಕೊಡದೆ ಇರುವುದೂ ಒಂದು ಸೂಚನೆಯೇ. ಮೇಲಿಂದ ಮೇಲೆ ಭೋಜನಕ್ಕೆ ಬಾರದವರ ಮನೆಗೆ ಸಭಾಹಿರಿಯರು ಹೋಗುತ್ತಿದ್ದರು.

ವೆಸ್ಲಿಯನ್ ಸಭೆಗಳಲ್ಲಿ ಇದಕ್ಕೆ ಸಮನಾದದ್ದು ‘ಕ್ಲಾಸ್’. ಸುಮಾರು ಹನ್ನೆರಡು ಜನರ ಗುಂಪು ವಾರಕ್ಕೊಮ್ಮೆ ಒಬ್ಬ ಮುಖಂಡನ ಬಳಿ ಸೇರಿ ಆ ವಾರದ ನಡತೆಯನ್ನು ಒಪ್ಪಿಸಬೇಕಿತ್ತು. ತೃಪ್ತಿಕರವಾಗಿ ನಡೆದವರಿಗೆ ಮೂರು ತಿಂಗಳಿಗೊಮ್ಮೆ ಒಂದು ಟಿಕೆಟ್ ಸಿಗುತ್ತಿತ್ತು. ಅಂಗೈಯಲ್ಲಿ ಹಿಡಿಸುವ ಆ ಮುದ್ರಿತ ಚೀಟಿಯ ಮೇಲೆ ಒಂದು ಬೈಬಲ್ ವಾಕ್ಯ, ಆ ತ್ರೈಮಾಸಿಕವನ್ನು ಸೂಚಿಸುವ ಒಂದು ಅಕ್ಷರ, ಸದಸ್ಯನ ಹೆಸರು ಮತ್ತು ಪಾದ್ರಿಯ ಸಹಿ ಇರುತ್ತಿದ್ದವು. ಟಿಕೆಟ್ ಕೊಡದಿದ್ದರೆ ಸದಸ್ಯತ್ವ ನಿಂತಂತೆ. ಬೇರೆ ಬಹಿಷ್ಕಾರದ ಆಜ್ಞೆ ಬೇಕಾಗಿರಲಿಲ್ಲ. ಸದಸ್ಯತ್ವವನ್ನು ಜನ್ಮದ ಹಕ್ಕೆಂದು ಎಣಿಸದೆ ಮೂರು ತಿಂಗಳಿಗೊಮ್ಮೆ ನವೀಕರಿಸುವ ಈ ಏರ್ಪಾಡು ಜಾತಿ ವ್ಯವಸ್ಥೆಗೆ ನೇರ ವಿರುದ್ಧ ದಿಕ್ಕಿನದು.

ಕ್ರಮಗಳ ಬಗೆಗಳು

ಸಾಮಾನ್ಯವಾಗಿ ನಾಲ್ಕು ಹಂತಗಳಿದ್ದವು: ಖಾಸಗಿ ಬುದ್ಧಿವಾದ, ಸಭಾಹಿರಿಯರ ಮುಂದೆ ಎಚ್ಚರಿಕೆ, ನಿರ್ದಿಷ್ಟ ಕಾಲ ಕರ್ತನ ಭೋಜನದಿಂದ ತಡೆ ಮತ್ತು ಸಭೆಯಿಂದ ಬಹಿಷ್ಕಾರ. ಮರುಸೇರ್ಪಡೆಗೆ ಸಭೆಯ ಮುಂದೆ ತಪ್ಪೊಪ್ಪಿಗೆ ಮಾಡಬೇಕಿತ್ತು. ಕುಲದ ಪಂಚಾಯಿತಿ, ದಂಡ, ತಪ್ಪುಕಾಣಿಕೆ, ಮತ್ತೆ ಕುಲಕ್ಕೆ ಸೇರಿಸಿಕೊಳ್ಳುವ ಊಟ ಇವೆಲ್ಲ ಬಳಕೆಯಲ್ಲಿದ್ದ ಹಳ್ಳಿಗಳಿಗೆ ಈ ಕ್ರಮ ಹೊರಗಿನಿಂದ ಬಂದದ್ದಾದರೂ ಅಪರಿಚಿತವಾಗಿರಲಿಲ್ಲ. ವ್ಯತ್ಯಾಸವಿದ್ದದ್ದು ತಪ್ಪಿನ ಪಟ್ಟಿಯಲ್ಲಿ. ಕುಲ ವಿಚಾರಿಸುತ್ತಿದ್ದದ್ದು ಯಾರೊಡನೆ ಉಂಡೆ, ಯಾರನ್ನು ಮದುವೆಯಾದೆ ಎಂಬುದನ್ನು. ಸಭೆ ಕುಡಿತ, ಸುಳ್ಳು, ಸಾಲ, ಹೆಂಡತಿಯನ್ನು ಹೊಡೆಯುವುದು ಇವನ್ನೂ ವಿಚಾರಣೆಗೆ ತಂದಿತು.

ಶಿಸ್ತಿಗೆ ಒಳಪಟ್ಟ ವಿಷಯಗಳು

ಜಾತಿ. ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಮಿಷನ್‌ಗಳಲ್ಲಿ ಹೆಚ್ಚಿನವು ಮದರಾಸಿನ ಮಿಷನರಿ ಸಮ್ಮೇಳನದಲ್ಲಿ 1850ರಲ್ಲಿ ಜಾತಿಯನ್ನು ಸಭೆಯೊಳಗೆ ಒಪ್ಪಲಾಗದೆಂದು ಘೋಷಿಸಿದವು. ಲೈಪ್‌ಜಿಗ್ ಮಿಷನ್ನಿನ ಲೂಥರನರು ಇದಕ್ಕೆ ಒಪ್ಪಲಿಲ್ಲ. ಒಬ್ಬನು ಜಾತಿ ಬಿಟ್ಟಿದ್ದಾನೆಂಬುದಕ್ಕೆ ಬಾಯಿಮಾತು ಸಾಲದು, ‘ಕೀಳು’ ಎನಿಸಿಕೊಂಡವರು ಅಟ್ಟ ಅಡುಗೆಯನ್ನು ಅವರೊಡನೆ ಕೂತು ಉಣ್ಣಬೇಕು ಎಂಬುದು ಆಗಿನ ಪರೀಕ್ಷೆ. ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯಬೇಕಾಗಿತ್ತು. ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಇದರ ಬೆಲೆ ತೆತ್ತವರಲ್ಲಿ ಪ್ರಸಿದ್ಧನು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕನಾದ ಈತ 1844ರ ಜನವರಿಯಲ್ಲಿ ಬಾಸೆಲ್ ಮಿಷನರಿ ಹರ್ಮನ್ ಮ್ಯೋಗ್ಲಿಂಗ್‌ನಿಂದ ದೀಕ್ಷಾಸ್ನಾನ ಪಡೆದು, ಬಾಸೆಲಿನಲ್ಲಿ ಓದಿ, 1851ರಲ್ಲಿ ಮಿಷನರಿಯಾಗಿ ಮರಳಿದ. ಕೊಡಗಿನ ಆನಂದಪುರದ ಕಾಫಿ ತೋಟ ಮತ್ತು ಸಭೆಗೆ ಅವನದೇ ಹೆಸರು. ಅಲ್ಲಿ ಸಭೆ ಸೇರಿದವರಲ್ಲಿ ಹೊಲೆಯ ಜಾತಿಯ ಕೂಲಿಕಾರರೇ ಹೆಚ್ಚು. ಒಂದೇ ಪಂಕ್ತಿಯಲ್ಲಿ ಉಂಡರೂ ಮದುವೆಯ ಸಂಬಂಧಗಳಲ್ಲಿ ಜಾತಿ ಉಳಿದುಕೊಂಡಿತು. ಸಭಾಶಿಸ್ತು ಅತಿ ಕಡಿಮೆ ಗೆದ್ದ ವಿಷಯ ಇದೇ.

ಕಳ್ಳು ಮತ್ತು ಭೂತಾರಾಧನೆ. ದಕ್ಷಿಣ ಕನ್ನಡದಲ್ಲಿ ಬಾಸೆಲ್ ಸಭೆಗಳಿಗೆ ಬಂದವರಲ್ಲಿ ಬಿಲ್ಲವರು ಹೆಚ್ಚು. ಅವರಲ್ಲಿ ಹಲವರ ಕುಲಕಸುಬು ಮೂರ್ತೆ, ಅಂದರೆ ಮರದಿಂದ ಕಳ್ಳು ಇಳಿಸುವುದು. ಕಳ್ಳು ಕುಡಿಯಬಾರದೆಂದ ಸಭೆ ಇಳಿಸುವ ಕಸುಬನ್ನೂ ಬಿಡಿಸಿತು. ಭೂತಾರಾಧನೆ ಇನ್ನೂ ತೊಡಕಿನ ಸಂಗತಿ. ತುಳುನಾಡಿನಲ್ಲಿ ಭೂತದ ಸ್ಥಾನ ಜಮೀನಿಗೆ ಅಂಟಿಕೊಂಡದ್ದು; ಆ ಜಮೀನನ್ನು ಗೇಣಿಗೆ ಮಾಡುವವನು ಕಾಲಕಾಲಕ್ಕೆ ಭೂತಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಭೂತಕ್ಕೆ ನಡೆಸುವ ಉತ್ಸವವಾದ ಕೋಲಕ್ಕೆ ಕೊಡುವುದನ್ನು ಕೊಡೆನೆಂದರೆ ಗೇಣಿಯೇ ಕೈತಪ್ಪಬಹುದು. ಹೀಗಾಗಿ ಈ ಭಾಗದಲ್ಲಿ ನಂಬಿಕೆಯ ಪ್ರಶ್ನೆ ಒಡನೆಯೇ ಅನ್ನದ ಪ್ರಶ್ನೆಯೂ ಆಯಿತು.

ಹಬ್ಬ, ಪ್ರಸಾದ, ವಂತಿಗೆ. ಊರಹಬ್ಬಕ್ಕೆ ಮನೆಗಿಷ್ಟೆಂದು ಹಾಕುವ ವಂತಿಗೆ ಕೊಡಬೇಕೇ, ನೆರೆಮನೆಯಿಂದ ಬಂದ ಪ್ರಸಾದವನ್ನು ಏನು ಮಾಡಬೇಕು, ದೇವರ ಮುಂದೆ ಕಡಿದ ಕುರಿಯ ಬಾಡೂಟಕ್ಕೆ ಹೋಗಬಹುದೇ, ತೀರಿದ ತಂದೆತಾಯಿಗೆ ಎಡೆ ಇಡುವ ಹಿಂದೂ ನೆಂಟರ ಮನೆಗೆ ಆ ದಿನ ಹೋಗಬಹುದೇ ಎಂಬ ಪ್ರಶ್ನೆಗಳಿಗೆ ಸಭೆಗಳು ಒಂದೇ ಉತ್ತರ ಕೊಟ್ಟಿಲ್ಲ. ಪಯಟಿಸ್ಟ್ ಪರಂಪರೆಯವರೂ ಇಂದಿನ ಪೆಂತೆಕೊಸ್ತರೂ ಪ್ರಸಾದವನ್ನು ಸಾರಾಸಗಟಾಗಿ ನಿಷೇಧಿಸುತ್ತಾರೆ. ಪೌಲನ ವಾದವನ್ನು ಪೂರ್ತಿ ಓದುವವರು ವಿಗ್ರಹ ಏನೂ ಅಲ್ಲವಾದ್ದರಿಂದ ಆಹಾರದಲ್ಲಿ ದೋಷವಿಲ್ಲ, ಆದರೆ ನೋಡುವ ದುರ್ಬಲ ಸಹೋದರನು ಎಡವುವಂತಿದ್ದರೆ ತಿನ್ನಬಾರದು ಎನ್ನುತ್ತಾರೆ. ಕ್ಯಾಥೊಲಿಕರ ನಿಲುವು ಸಾಮಾನ್ಯವಾಗಿ ಇನ್ನೂ ಸಡಿಲ. ವಾಸ್ತವದಲ್ಲಿ ಹೆಚ್ಚಿನ ಕುಟುಂಬಗಳು ನಡುವಿನ ದಾರಿ ಹಿಡಿದಿವೆ: ಪೂಜೆಗೆ ನಿಲ್ಲುವುದಿಲ್ಲ, ಊಟಕ್ಕೆ ಹೋಗುತ್ತವೆ. ವಂತಿಗೆಯನ್ನು ಜಾತ್ರೆಗಲ್ಲ, ಊರಿನ ಕೆಲಸಕ್ಕೆಂದು ಕೊಡುತ್ತವೆ.

ಮದುವೆ ಮತ್ತು ಸಾಲ. ಬಾಲ್ಯವಿವಾಹ, ಬಹುಪತ್ನೀತ್ವ, ಅಕ್ರೈಸ್ತರೊಡನೆ ವಿವಾಹಗಳು ಶಿಸ್ತಿನ ಕ್ರಮಕ್ಕೆ ಗುರಿಯಾದವು. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ (1872) ಸಭೆಯ ರಿಜಿಸ್ಟರಿಗೆ ಕಾನೂನಿನ ಬಲ ತಂದಿತು. ಸಾಲ ಮಾಡಿ ಮದುವೆ ಮಾಡುವುದನ್ನು ಬಾಸೆಲ್ ಮಿಷನರಿಗಳು ಪಾಪದ ಅಂಚಿನಲ್ಲಿಯೇ ಇರಿಸಿದ್ದರು.

ಜೀವನೋಪಾಯದ ಪ್ರಶ್ನೆ

ಸಭೆ ಸೇರಿದವನು ಕುಲ, ಕಸುಬು, ಕೆಲವೊಮ್ಮೆ ಪಿತ್ರಾರ್ಜಿತ ಆಸ್ತಿ ಮೂರನ್ನೂ ಕಳೆದುಕೊಳ್ಳುತ್ತಿದ್ದ. ಮತ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ಹೋಗದಂತೆ ಬ್ರಿಟಿಷ್ ಸರ್ಕಾರ 1850ರಲ್ಲಿ ಜಾತಿ ಅನರ್ಹತಾ ನಿವಾರಣಾ ಕಾಯ್ದೆಯನ್ನು ತಂದಿತು. ಆಸ್ತಿಯೇ ಇಲ್ಲದವರಿಗೆ ಇದರಿಂದ ಪ್ರಯೋಜನವಿರಲಿಲ್ಲ. ಬಾಸೆಲ್ ಮಿಷನ್ ನೇಯ್ಗೆ, ಮುದ್ರಣ, ಹೆಂಚಿನ ಉದ್ಯಮಗಳಿಗೆ ಇಳಿದದ್ದು ಮುಖ್ಯವಾಗಿ ಈ ಕಾರಣದಿಂದ. ಮಂಗಳೂರಿನ ಬಲ್ಮಠದಲ್ಲಿ 1841ರಲ್ಲಿ ಮುದ್ರಣಾಲಯ ಬಂತು. 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ನೇಯ್ಗೆಯನ್ನು ಸುಧಾರಿಸಿ ಖಾಕಿ ಬಣ್ಣವನ್ನು ಬಳಕೆಗೆ ತಂದ. ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಕಾರ್ಖಾನೆಯ ಗಂಟೆ, ಭಾನುವಾರದ ರಜೆ, ಹೊತ್ತಿಗೆ ಸರಿಯಾಗಿ ಬರುವುದು, ಕೂಲಿಯಲ್ಲಿ ಉಳಿತಾಯ ಇವು ಸಭಾಶಿಸ್ತಿನ ಮುಂದುವರಿಕೆಯೇ ಆದವು. ಸಭೆಯೂ ಧಣಿಯೂ ಒಂದೇ ಆದಲ್ಲಿ ಬಹಿಷ್ಕಾರದ ಬೆದರಿಕೆ ದುಡಿಮೆಯ ಮೇಲೂ ತೂಗುತ್ತಿತ್ತೆಂಬ ಟೀಕೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಈ ಉದ್ಯಮಗಳನ್ನು ವಶಪಡಿಸಿಕೊಂಡು ಜರ್ಮನ್ ಮಿಷನರಿಗಳನ್ನು ಹೊರಗೆ ಕಳಿಸಿದಾಗ, ವಿಚಾರಿಸುವ ಅಧಿಕಾರ ದೊಡ್ಡ ಪ್ರಮಾಣದಲ್ಲಿ ಕನ್ನಡದ ಸಭಾಪಾಲಕರ ಮತ್ತು ಸಭಾಹಿರಿಯರ ಕೈಗೆ ಬಂತು.

ಕ್ಯಾಥೊಲಿಕ್ ಪದ್ಧತಿ

ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಪಾಸ್ಕ (ಈಸ್ಟರ್) ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂಬ ನಿಯಮವನ್ನು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ತಪ್ಪು ಕೇಳಿಸಿಕೊಂಡ ಗುರು ಅದನ್ನು ಯಾರಿಗೂ ಹೇಳುವಂತಿಲ್ಲವಾದ್ದರಿಂದ ಸಭೆಯ ಮುಂದಿನ ತಪ್ಪೊಪ್ಪಿಗೆಗೆ ಇಲ್ಲಿ ಸ್ಥಾನವಿಲ್ಲ. ಮದುವೆಯ ಸಂದರ್ಭದಲ್ಲಿ ಮಾತ್ರ ಧರ್ಮಕೇಂದ್ರದ ದಾಖಲೆ, ವಿವಾಹಪೂರ್ವ ತರಬೇತಿ, ಮೂರು ಬಾರಿಯ ಪ್ರಕಟಣೆಗಳ ಮೂಲಕ ವಿಚಾರಣೆ ಬಹಿರಂಗವಾಗುತ್ತದೆ.

ಕಾಗದದ ಮೇಲಿನ ನಂಬಿಕೆ

ಸ್ವಾತಂತ್ರ್ಯಾನಂತರ ಸಭಾಶಿಸ್ತಿನ ಅತಿ ಕಠಿಣ ಪ್ರಶ್ನೆ ಸಭೆಯ ಹೊರಗಿನಿಂದ ಬಂದಿದೆ. ಸಂವಿಧಾನದ 25ನೆಯ ವಿಧಿ ನಂಬಿಕೆಯನ್ನು ಪ್ರಕಟಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಡುತ್ತದೆ. ಆದರೆ 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದಂತೆ ಹಿಂದೂ, 1956ರಿಂದ ಸಿಖ್, 1990ರಿಂದ ಬೌದ್ಧ ಧರ್ಮದವರು ಮಾತ್ರ ಪರಿಶಿಷ್ಟ ಜಾತಿಯವರೆನಿಸುತ್ತಾರೆ. ಕ್ರೈಸ್ತನೆಂದು ಬಹಿರಂಗವಾಗಿ ಹೇಳಿಕೊಂಡ ದಲಿತನು ಆ ಮೀಸಲಾತಿಯನ್ನು ಕಳೆದುಕೊಳ್ಳುತ್ತಾನೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡ ಕ್ರೈಸ್ತರು ಪ್ರವರ್ಗ 1ರಲ್ಲಿ, ಇತರ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ಈ ಕಾರಣದಿಂದ ಭಾನುವಾರ ಸಭೆಯಲ್ಲಿದ್ದು ಶಾಲಾ ದಾಖಲೆಯಲ್ಲಿ ‘ಹಿಂದೂ’ ಎಂದಿರುವ ಕುಟುಂಬಗಳು ರಾಜ್ಯದಾದ್ಯಂತ ಇವೆ. ಇಂಥವರನ್ನು ಸದಸ್ಯತ್ವದ ಪಟ್ಟಿಗೆ ಸೇರಿಸಬೇಕೇ, ದೀಕ್ಷಾಸ್ನಾನ ಕೊಡಬೇಕೇ ಎಂಬುದರಲ್ಲಿ ಸಭಾಪಾಲಕರ ನಡುವೆಯೇ ಒಮ್ಮತವಿಲ್ಲ. ಅವರದು ಕಪಟವೆಂದು ಕೆಲವರು, ಅನ್ಯಾಯದ ಕಾನೂನು ಹೇರಿದ ಮೌನವೆಂದು ಕೆಲವರು. ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ಕ್ರೈಸ್ತಧರ್ಮವನ್ನು ಆಚರಿಸುತ್ತ ಉದ್ಯೋಗಕ್ಕಾಗಿ ಮಾತ್ರ ಹಿಂದೂವೆಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆಯೆಂದಿತು. ನಂಬಿಕೆಗೆ ತಕ್ಕ ನಡತೆಯನ್ನು ಪರೀಕ್ಷಿಸುವ ಕೆಲಸ ಹೀಗೆ ಭಾಗಶಃ ನ್ಯಾಯಾಲಯಕ್ಕೆ ದಾಟಿದೆ.

ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ (2022) ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದು ವಿಧಿಸಿತು. ಅದನ್ನು ರದ್ದುಪಡಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಹಿಂದೂ ಜಾತಿಗಳ ಹೆಸರಿನ ಮುಂದೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ್ದು ವಿವಾದಕ್ಕೆ ಒಳಗಾಯಿತು.

ಇಂದಿನ ಸ್ಥಿತಿ

1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯ ಸಂವಿಧಾನದಲ್ಲಿ ಶಿಸ್ತಿಗೆ ಪ್ರತ್ಯೇಕ ಅಧ್ಯಾಯವಿದೆ. ವೆಸ್ಲಿಯನ್ ಸಭೆಗಳು ಆರಂಭದಲ್ಲಿಯೇ, ಬಾಸೆಲ್ ಸಭೆಗಳು ಹಂತಹಂತವಾಗಿ ಅದರಲ್ಲಿ ಸೇರಿದವು. ವ್ಯವಹಾರದಲ್ಲಿ ಇಂದು ಶಿಸ್ತಿನ ಕ್ರಮ ನಡತೆಗಿಂತ ಹೆಚ್ಚಾಗಿ ಸಭಾ ಚುನಾವಣೆ ಮತ್ತು ಆಸ್ತಿಯ ವ್ಯಾಜ್ಯಗಳಲ್ಲಿ ಬಳಕೆಯಾಗುತ್ತಿದೆ. ಕ್ಲಾಸ್ ಟಿಕೆಟ್ ಮರೆಯಾಗಿದೆ. ವಾರ್ಷಿಕ ಚಂದಾ ಸಲ್ಲಿಸುವುದು ಸದಸ್ಯತ್ವದ ಮುಖ್ಯ ಗುರುತಾಗಿದೆ. ಹಳೆಯ ಬಿಗಿ ಉಳಿದಿರುವುದು ಸಣ್ಣ ಪಂಗಡಗಳಲ್ಲಿ. ಬ್ರದರನ್ ಸಭೆಗಳಲ್ಲಿ ಬೇರೆ ಊರಿನಿಂದ ಬಂದವರು ತಮ್ಮ ಸಭೆಯ ಪರಿಚಯ ಪತ್ರ ತಂದರೆ ಮಾತ್ರ ರೊಟ್ಟಿ ಮುರಿಯುವಿಕೆಯಲ್ಲಿ, ಅಂದರೆ ಕರ್ತನ ಭೋಜನದಲ್ಲಿ, ಪಾಲು ಪಡೆಯುತ್ತಾರೆ. ಸೆವೆಂತ್-ಡೇ ಅಡ್ವೆಂಟಿಸ್ಟರು ಮದ್ಯ, ತಂಬಾಕು ಎರಡನ್ನೂ ನಿಷೇಧಿಸಿದ್ದಾರೆ. ಪೆಂತೆಕೊಸ್ತ ಸಭೆಗಳಲ್ಲಿ ಆಭರಣ, ಸಿನಿಮಾ, ಕುಡಿತ ಬಿಟ್ಟ ಕಥನವನ್ನು ಎಲ್ಲರೆದುರು ಸಾಕ್ಷಿಯಾಗಿ ಹೇಳುವುದು ಆರಾಧನೆಯ ಭಾಗ.

2011ರ ಜನಗಣತಿಯಂತೆ ರಾಜ್ಯದ ಕ್ರೈಸ್ತರು 11.43 ಲಕ್ಷ, ಜನಸಂಖ್ಯೆಯ ಶೇ. 1.87. ಹೆಚ್ಚಿನವರು ಕರಾವಳಿ ಮತ್ತು ಬೆಂಗಳೂರಿನಲ್ಲಿದ್ದಾರೆ. ಇವೆರಡರ ಹೊರಗೆ, ಕ್ರೈಸ್ತರು ವಿರಳವಾಗಿರುವ ಕಡೆ ಸಭಾಶಿಸ್ತು ಹೇಗಿದೆ ಎಂಬುದಕ್ಕೆ ದಾವಣಗೆರೆ ಜಿಲ್ಲೆ ಒಂದು ಉದಾಹರಣೆ. ಕ್ಯಾಥೊಲಿಕ್ ಆಡಳಿತದಲ್ಲಿ ಈ ಪ್ರದೇಶ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. ಹರಿಹರದ ಆರೋಗ್ಯಮಾತೆಯ ಬೆಸಿಲಿಕಾ ಇಲ್ಲಿನ ಪ್ರಮುಖ ಯಾತ್ರಾಸ್ಥಳ. ಸೆಪ್ಟೆಂಬರ್‌ನ ಹಬ್ಬಕ್ಕೆ ಕ್ರೈಸ್ತರಷ್ಟೇ ಅಲ್ಲದೆ ಅನ್ಯಧರ್ಮೀಯರೂ ಹರಕೆ ಹೊತ್ತು ಬರುತ್ತಾರೆ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂಥ ಹೋಬಳಿ ಊರುಗಳಲ್ಲಿ ಕ್ರೈಸ್ತರು ಕೆಲವೇ ಮನೆಗಳವರಾದ್ದರಿಂದ, ಪಟ್ಟಣದ ದೊಡ್ಡ ಸಭೆಗಳಲ್ಲಿ ಸಮಿತಿ ನೋಡಿಕೊಳ್ಳುವ ವಿಷಯ ಇಲ್ಲಿ ನೆರೆಯವರ ಕಣ್ಣಿಗೇ ಬಿಟ್ಟದ್ದು. ಕೂಲಿಯ ಮಾತು ಉಳಿಸಿಕೊಳ್ಳುವುದು, ಅಳತೆಯಲ್ಲಿ ಮೋಸ ಮಾಡದಿರುವುದು, ಕುಡಿಯದಿರುವುದು ಇವನ್ನು ನೋಡಿಯೇ ಊರು ಅವರ ದೇವರನ್ನು ಅಳೆಯುತ್ತದೆ. ದೂರದ ಪಟ್ಟಣದಿಂದ ತಿಂಗಳಿಗೊಮ್ಮೆ ಬರುವ ಸಭಾಪಾಲಕರಿಗೆ ವಿಚಾರಿಸಲು ಉಳಿಯುವುದು ಹೆಚ್ಚಾಗಿ ಮದುವೆಯ ಸಂಬಂಧಗಳು ಮತ್ತು ಮಕ್ಕಳ ಸ್ಥಿರೀಕರಣದ ಪಾಠ.